ಉರ್ಕಿಯಾಳ ಸಾಕ್ಷಿಪಟ್ಟಿಗಳು

ಉರ್ಕಿಯಾಳನ್ನು ನಾನು ಮೊದಲು ಕಂಡದ್ದು ಶಾಲೆಯಿಂದ ನಿವೃತ್ತನಾದ ವರ್ಷ, ಜೂನ್ ತಿಂಗಳಲ್ಲಿ. ಬಾಲ್ಖಾಷ್ ಸರೋವರದ ದಂಡೆಯಲ್ಲಿ, ಗಾಳಿ ತುಂಬುವ ಮೀನುದೋಣಿಗಳನ್ನು ಅಂಟಿಸಿಕೊಡುವ ಶೆಡ್ಡು ಆಕೆಯದು. ನನ್ನ ದೋಣಿಯಲ್ಲಿ ಮೋಟಾರು ಕೂರಿಸುವ ಹಲಗೆ ಕಿತ್ತುಬಂದಿತ್ತು; ದುರಸ್ತಿಗೆ ಒಯ್ದಿದ್ದೆ.

ಒಳಗೆ, ಬಿಸಿಲು ಬೀಳುವ ಕಿಟಕಿಯುದ್ದಕ್ಕೂ ಬೆರಳಗಲದ ಪಟ್ಟಿಗಳು ತೂಗುತ್ತಿದ್ದವು. ಪ್ರತಿಯೊಂದರ ತುದಿಗೂ ಒಂದು ದಪ್ಪ ಬೋಲ್ಟು, ಮೇಲೆ ಒಂದು ಹೆಸರು, ಕೆಳಗೆ ತಗಡಿನ ತಟ್ಟೆ.

“ಏನಮ್ಮಾ, ಶಾವಿಗೆ ಒಣಗಿಸ್ತಿದೀಯಾ?” ಎಂದೆ.

“ಸಾಕ್ಷಿಗಳು, ಅಗಾಯ್,” ಎಂದಳು. ನಮ್ಮಲ್ಲಿ ಮೇಷ್ಟರನ್ನು ಕರೆಯುವುದೇ ಹಾಗೆ.

ದೋಣಿಯ ಬಟ್ಟೆಗೆ ಪಿವಿಸಿ ಲೇಪ ಇರುತ್ತದಂತೆ. ಅದು ಮೆತ್ತಗಿರಲೆಂದು ಬೆರೆಸಿದ ಎಣ್ಣೆ ದಿನ ಕಳೆದಂತೆ ಮೇಲೆ ಒಸರಿ, ಅಂಟನ್ನು ಅಡಿಯಿಂದಲೇ ಸಡಿಲಿಸುತ್ತದಂತೆ. ಅದಕ್ಕಾಗಿ ಆಕೆ ಬಟ್ಟೆಯನ್ನು ಒರೆಸಿ, ಪಾಲಿಯುರೆಥೇನ್ ಅಂಟು ಬಳಿದು, ಬಿಸಿಗಾಳಿ ಹಾಯಿಸಿ, ಉರುಳೆಯಿಂದ ಒತ್ತುತ್ತಿದ್ದಳು. ಆಮೇಲೂ ನಂಬದೆ, ಅದೇ ಬಟ್ಟೆಯ ಎರಡು ತುಂಡುಗಳನ್ನು ಅದೇ ಬಟ್ಟಲಿನ ಅಂಟಿನಿಂದ ಅಂಟಿಸಿ, ದೋಣಿಯವರ ಹೆಸರು ಬರೆದು, ಬೋಲ್ಟಿನ ಭಾರ ಕಟ್ಟಿ ಕಿಟಕಿಗೆ ತೂಗುಹಾಕುತ್ತಿದ್ದಳು. ಅಂಟು ಬಿಟ್ಟರೆ ಬೋಲ್ಟು ತಟ್ಟೆಗೆ ಬಿದ್ದು ಸದ್ದು ಮಾಡುತ್ತಿತ್ತು. ದೋಣಿ ಮರುದಿನವೇ ನೀರಿಗೆ ಹೋಗುತ್ತಿತ್ತು. ಪಟ್ಟಿ ತಿಂಗಳುಗಟ್ಟಲೆ ತೂಗುತ್ತಿತ್ತು.

ಅಂದೇ, ನಾವು ಚಹಾ ಕುಡಿಯುತ್ತಿದ್ದಾಗ ಠಣ್ ಎಂದಿತು.

ಒಂದು ಬೋಲ್ಟು ತಟ್ಟೆಗೆ ಬಿದ್ದಿತ್ತು. ಪಟ್ಟಿಯ ಮೇಲಿದ್ದ ಹೆಸರು ಸೆರ್ಕೆಬಾಯ್, ಆಕೆಯ ಮೈದುನ. ಹಿಂದಿನ ಸಂಜೆ ದೋಣಿ ಒಯ್ದು, ಆ ಬೆಳಿಗ್ಗೆ ಒಬ್ಬನೇ ಜೊಂಡಿನ ನಡುಗಡ್ಡೆಯ ಕಡೆ ಬಲೆ ಹಾಕಲು ಹೋಗಿದ್ದ.

ಉರ್ಕಿಯಾ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಅಂಟು ಬಿಟ್ಟಿರಲಿಲ್ಲ. ಬಟ್ಟೆಯ ಮೇಲ್ಪದರವೇ ಈರುಳ್ಳಿಯ ಸಿಪ್ಪೆಯಂತೆ ಎದ್ದು ಅಂಟಿನ ಜೊತೆ ಬಂದಿತ್ತು. ಅದು ಹೊಸ ಥಾನಿನ ಬಟ್ಟೆ. ಪಿವಿಸಿಗೆ ಪಾಲಿಯುರೆಥೇನ್ ಬೆರೆಸಿದ್ದು, ಚಳಿಗೂ ಸೆಟೆಯುವುದಿಲ್ಲ ಎಂದು ವ್ಯಾಪಾರಿ ಹೊಗಳಿ ಕೊಟ್ಟಿದ್ದನಂತೆ.

“ಎರಡೂ ಬೆರೆತೇ ಇಲ್ಲ, ಅಗಾಯ್. ಒಂದರ ಪಕ್ಕ ಒಂದು ಸುಮ್ನೆ ಕೂತಿವೆ ಅಷ್ಟೆ. ನಾನು ಅಂಟಿನ ಮೇಲೆ ಅನುಮಾನಪಟ್ಟೆ, ಬಟ್ಟೆ ಮೇಲೆ ಪಡಲಿಲ್ಲ.”

ಸೆರ್ಕೆಬಾಯ್‌ನ ಫೋನು ಸಿಗಲಿಲ್ಲ. ಹೊರಗೆ ಪಡುವಣ ಗಾಳಿ ಎದ್ದು ನೀರು ಬೂದುಬಣ್ಣಕ್ಕೆ ತಿರುಗುತ್ತಿತ್ತು. ನೆರೆಯವರ ತಗಡಿನ ದೋಣಿ ಹತ್ತಿದೆವು. ನನಗೆ ಈಜು ಬಾರದು. ಏಕೆ ಹತ್ತಿದೆನೋ ತಿಳಿಯದು. ಅಂಚನ್ನು ಹಿಡಿದ ಬೆರಳುಗಳು ಮರಗಟ್ಟಿಹೋದವು. ಪ್ರತಿ ಅಲೆಗೂ ದೋಣಿಯ ತಳ ಧಡ್ ಎನ್ನುತ್ತಿತ್ತು. ಮುಕ್ಕಾಲು ಗಂಟೆಯ ದಾರಿಯಲ್ಲಿ ಆಕೆ ಆಡಿದ್ದು ಒಂದೇ ಮಾತು.

“ಕಿಟಕೀಲಿ ಪಟ್ಟಿ ಕಿತ್ತ ಬಿಸಿಲೇ ಅಲ್ಲಿ ದೋಣಿಗೂ ಬಿದ್ದಿರುತ್ತೆ.”

ಆ ಮಾತು ಕೇಳಿದ ಮೇಲೆ ನಾನು ನೀರಿನತ್ತ ನೋಡಲಾರದೆ ಹೋದೆ. ತೇಲುವ ಪ್ರತಿ ಕಪ್ಪುಚುಕ್ಕೆಯೂ ಮನುಷ್ಯನ ತಲೆಯಂತೆ ಕಾಣುತ್ತಿತ್ತು.

ಆತ ಜೊಂಡಿನ ಅಂಚಿನಲ್ಲಿ ಸಿಕ್ಕಿದ. ದೋಣಿಯ ಒಂದು ಪಕ್ಕ ಪೂರ್ತಿ ಚಪ್ಪಟೆಯಾಗಿತ್ತು. ಉಳಿದ ಪಕ್ಕದ ಮೇಲೆ ಎದೆಯಿಟ್ಟು, ಎರಡು ಕೈಗಳಲ್ಲೂ ಜೊಂಡು ಹಿಡಿದಿದ್ದ. ಬಲೆ ಹೋಗಿತ್ತು; ತುಟಿ ನೀಲಿಗಟ್ಟಿತ್ತು. ನಮ್ಮ ದೋಣಿಗೆ ಎಳೆದು ಹಾಕಿಕೊಂಡ ಮೇಲೆ ನಡುಗುತ್ತ, “ಅತ್ತಿಗೇ, ನಿಮ್ಮ ಅಂಟಿಗಿಂತ ನಿಮ್ಮ ನಾಲಿಗೇನೇ ಗಟ್ಟಿ,” ಎಂದ.

ಬೇರೆ ದಿನವಾಗಿದ್ದರೆ ಆಕೆ ಒಂದಕ್ಕೆರಡು ಹೇಳುತ್ತಿದ್ದಳು. ಅಂದು ಒಂದು ಕೈಯಲ್ಲಿ ಮೋಟಾರಿನ ಹಿಡಿ, ಇನ್ನೊಂದು ಕೈಯಲ್ಲಿ ಆತನ ಕೊರಳಪಟ್ಟಿ. ದಡ ಮುಟ್ಟುವವರೆಗೂ ಬಿಡಲಿಲ್ಲ.

ಆ ಥಾನಿನಿಂದ ಕತ್ತರಿಸಿದ್ದು ಅದೊಂದೇ ದೋಣಿಗೆ. ಉಳಿದದ್ದು ಈಗಲೂ ಶೆಡ್ಡಿನ ಮೂಲೆಯಲ್ಲಿದೆ.

ಇದಾಗಿ ಎಂಟು ವರ್ಷ. ಈಗ ಪಟ್ಟಿ ಕಿಟಕಿಯಲ್ಲಿ ಒಂದು ವಾರ ತಾಳದೆ ಉರ್ಕಿಯಾ ಯಾವ ದೋಣಿಯನ್ನೂ ಕೊಡುವುದಿಲ್ಲ. ಹಂಗಾಮಿನಲ್ಲಿ ಬೆಸ್ತರು ಬೈಯುತ್ತಾರೆ. ಕೆಲವರು ಬೇರೆ ಕಡೆ ಹೋದರು. ಗಾಳಿ ಎದ್ದರೆ ಆಕೆ ಬಿಸಿಗಾಳಿಯ ಯಂತ್ರ ನಿಲ್ಲಿಸಿ ಕಿವಿಗೊಡುತ್ತಾಳೆ. ಪಕ್ಕದ ಮನೆಯಲ್ಲಿ ಸೌಟು ಬಿದ್ದರೂ ಕಿಟಕಿಯತ್ತ ತಿರುಗುತ್ತಾಳೆ. ನಾನೂ ತಿರುಗುತ್ತೇನೆ.

ಈ ವಾರ ಅಲ್ಲಿ ನನ್ನ ಹೆಸರಿನ ಪಟ್ಟಿಯೂ ತೂಗುತ್ತಿದೆ. ಇಂದಿಗೆ ನಾಲ್ಕನೆಯ ದಿನ. ದೋಣಿ ಯಾವಾಗ ಎಂದು ನಾನು ಕೇಳುವುದಿಲ್ಲ. ಆಕೆ ಚಹಾ ಕೊಡುತ್ತಾಳೆ, ಕುಡಿಯುತ್ತೇವೆ. ಇಬ್ಬರ ಕಣ್ಣೂ ತಟ್ಟೆಯ ಮೇಲೆ.