ನಾನು ಒರೆಸಿದ ಗುರುತು

ಮುಗದದ ಬಾಳವ್ವನ ಹಾಡುಗಳು ಕೈತಪ್ಪಿದ್ದು ರಿಪೇರಿಯವರಿಂದಲ್ಲ, ನನ್ನಿಂದ. ಹಾಳಾದವು ಎಂದು ನಾನು ಹೇಳಿಕೊಂಡು ತಿರುಗಿದ ಆರು ವರ್ಷವೂ ಅವು ಹಾಳಾಗಿರಲಿಲ್ಲ—ನನ್ನ ಟ್ರಂಕಿನಲ್ಲಿದ್ದವು. ಇದೇ ಪತ್ರಿಕೆಯಲ್ಲಿ ನಾನು ಆಗ ‘ರಿಪೇರಿಯವರ ಅಜಾಗರೂಕತೆಯಿಂದ’ ಎಂದು ಬರೆದೆ. ಹೆಸರು ಹಾಕಿರಲಿಲ್ಲ. ಧಾರವಾಡದಲ್ಲಿ ಹೆಸರು ಹಾಕಬೇಕೆಂದೇನೂ ಇಲ್ಲ. ಓದಿದವರೆಲ್ಲ ಊಹಿಸಿದಿರಿ, ನಾನು ಊಹಿಸಲು ಬಿಟ್ಟೆ.

ಸಾಲೆಯ ನೌಕರಿ ಮುಗಿದ ಮೇಲೆ ಹಳ್ಳಿಗಳಿಗೆ ಹೋಗಿ ಬೀಸುವ ಪದ ಹಾಡುವ ಬಾಳವ್ವನಂಥ ಮುದುಕಿಯರ ಧ್ವನಿಯನ್ನು ರೆಕಾರ್ಡರಿನಲ್ಲಿ ಹಿಡಿದು ತರುವ ಹುಚ್ಚು ನನಗೆ ಹತ್ತಿತು. ನಾನು ಮಾತು ಕಲಿತದ್ದೇ ಅಂಥವರ ಮಗ್ಗುಲಲ್ಲಿ ಕೂತು. ತಂದ ಹಾಡುಗಳನ್ನೆಲ್ಲ ಮನೆಯ ಮುಂದಿನ ಕೋಣೆಯಲ್ಲಿ ಒಂದು ಪೆಟ್ಟಿಗೆಗೆ ತುಂಬಿದ್ದೆ. ನೆಟ್‌ವರ್ಕ್ ಸ್ಟೋರೇಜ್ ಅನ್ನುತ್ತಾರೆ. ಒಳಗೆ ಎರಡು ಹಾರ್ಡ್ ಡಿಸ್ಕು, ಮನೆಗೆ ಬಂದವರು ತಮ್ಮ ಕಂಪ್ಯೂಟರಿನಿಂದಲೇ ಕೇಳಬಹುದು. ಕೂಡಿಸಿಕೊಟ್ಟವರು ಲಕಮನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಹಬೂಬಸಾಬರು. ಒಂದು ಡಿಸ್ಕು ಬರೆದುಕೊಂಡದ್ದನ್ನು ಇನ್ನೊಂದೂ ಆ ಗಳಿಗೆಗೇ ಬರೆದುಕೊಳ್ಳುತ್ತದೆ ಎಂದು ಅವರು ಹೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ಬೀಸುವ ಕಲ್ಲಿನ ಮುಂದೆಯೂ ಹಾಗೇ ಅಲ್ಲವೇ—ಇಬ್ಬರು ಎದುರುಬದುರು ಕೂತು, ಒಬ್ಬಳು ಅಂದ ಸಾಲನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಒಬ್ಬಳ ಗಂಟಲು ಕಟ್ಟಿದರೆ ಹಾಡು ಇನ್ನೊಬ್ಬಳಲ್ಲಿ ಇರುತ್ತದೆ. ಜೋಡಿ ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿ, ಮೂರನೆಯ ಪ್ರತಿಯೊಂದು ಬೇರೆ ಊರಲ್ಲಿರಲಿ ಎಂದೂ ಮಹಬೂಬಸಾಬರು ಹೇಳಿದ್ದರು. ಹೂಂ ಅಂದೆ. ಮಾಡಲಿಲ್ಲ.

ಬಾಳವ್ವ ತೀರಿಕೊಂಡ ವರ್ಷ ಪೆಟ್ಟಿಗೆಯಲ್ಲಿ ಟಿಕ್ ಟಿಕ್ ಸದ್ದು ಹುಟ್ಟಿತು. ಮಹಬೂಬಸಾಬರು ಬಂದು, ಪರೀಕ್ಷೆ ಮಾಡಿ, ಎರಡರಲ್ಲಿ ಒಂದು ಡಿಸ್ಕು ಸಾಯಲು ಹತ್ತಿದೆ, ಹೊಸದು ತರಿಸಿ ಅದರ ಜಾಗಕ್ಕೆ ಹಾಕಿದರೆ ಉಳಿದದ್ದು ತನ್ನಲ್ಲಿರುವುದನ್ನೆಲ್ಲ ಹೊಸದಕ್ಕೆ ಒಪ್ಪಿಸುತ್ತದೆ ಎಂದರು. ಕೆಟ್ಟದ್ದರ ಮೇಲೆ ಗುರುತು ಹಾಕಲು ಪೆನ್ನು ಕೇಳಿದರು. ನನಗೆ ಸಿಕ್ಕದ್ದು ಸೀಮೆಸುಣ್ಣ.

“ಮಾಸ್ತರ್ರ ಮನ್ಯಾಗ ಖಡು ಬಿಟ್ರ ಮತ್ತೇನ ಸಿಗಬೇಕ್ರಿ,” ಎಂದು ನಕ್ಕು ಅದರಿಂದಲೇ ಒಂದು ಕತ್ತರಿ ಗುರುತು ಎಳೆದು, ಪೆಟ್ಟಿಗೆ ಆರಿಸಿ, ಹೊಸದು ಬರುವವರೆಗೆ ಹಚ್ಚಬೇಡಿರೆಂದು ಹೇಳಿ ಹೋದರು.

ನಡುವೆ ಮಹಾನವಮಿಯ ಖಂಡೇಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಕುಡಗೋಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಕಬ್ಬಿಣದ್ದೆಲ್ಲ ತೊಳೆದು ವಿಭೂತಿ ಹಚ್ಚಿಸಿಕೊಳ್ಳುತ್ತದೆ. ಹಾಡು ಕಾಯುವ ಕಬ್ಬಿಣವನ್ನು ಹೇಗೆ ಬಿಡಲಿ? ಎರಡೂ ಡಿಸ್ಕು ಹೊರಗೆಳೆದೆ, ಒದ್ದೆ ಅರಿವೆಯಿಂದ ಒರೆಸಿದೆ, ಮೂರು ಮೂರು ಬೆರಳು ವಿಭೂತಿ ಎಳೆದೆ. ಆರತಿ ಬೆಳಗುವಾಗ ಹೊಳೆಯಿತು—ಖಡುವಿನ ಗುರುತು ಒರೆಸಿದ ಅರಿವೆಗೆ ಹತ್ತಿ ಹೋಗಿದೆ. ಯಾವುದರ ಮೇಲಿತ್ತು? ಎಡಗಡೆಯದೇ ಇರಬೇಕು ಅನ್ನಿಸಿತು. ಅನ್ನಿಸಿತು, ಅಷ್ಟೇ. ಮತ್ತೆ ಖಡು ತಂದು ಹಾಗೆಯೇ ಒಂದು ಗುರುತು ಎಳೆದೆ.

ಹಬ್ಬ ಕಳೆದು ಅವರು ಹೊಸ ಡಿಸ್ಕು ತಂದರು. ಎರಡರ ಮೇಲೂ ವಿಭೂತಿ ಕಂಡು ಕೈ ತಡೆದರು.

“ಪೂಜಿ ಮಾಡೀರಿ, ಛಲೋ ಆತು. ಗುರುತು ನಾ ಹಾಕಿದ್ದ ಐತಲ್ರಿ?”

“ನೀವು ಹಾಕಿದ್ದ ಐತಿ,” ಅಂದೆ.

ಅಷ್ಟು ಮಾತು. ಮತ್ತೊಮ್ಮೆ ಪರೀಕ್ಷೆ ಮಾಡದೆ ಇದ್ದದ್ದು ಅವರ ಅಜಾಗರೂಕತೆಯಲ್ಲ. ಮಾಸ್ತರರ ಮಾತಿನ ಮೇಲಿನ ನಂಬಿಕೆ. ಗುರುತಿದ್ದದ್ದನ್ನು ತೆಗೆದು ನನ್ನ ಕೈಗೆ ಕೊಟ್ಟು, ಹೊಸದನ್ನು ಕೂಡಿಸಿ, ನಕಲಿಗೆ ಹಚ್ಚಿ ಹೋದರು. ಅರ್ಧಕ್ಕೆ ಬಂದಾಗ ಉಳಿದ ಡಿಸ್ಕಿನಿಂದ ಅದೇ ಟಿಕ್ ಟಿಕ್... ಆಮೇಲೆ ಅದೂ ನಿಂತಿತು. ನನಗೆ ಆಗಲೇ ಗೊತ್ತಾಯಿತು. ರೋಗದ್ದು ಒಳಗೆ ಉಳಿದಿತ್ತು, ಗಟ್ಟಿಯಾದದ್ದು ನನ್ನ ಕೈಯಲ್ಲಿತ್ತು.

ಮರುದಿನ ಮಹಬೂಬಸಾಬರು ತೆಗೆದಿಟ್ಟದ್ದನ್ನು ಕೇಳಿದರು—ಅದರಲ್ಲಿ ಏನಾದರೂ ಉಳಿದಿರಬಹುದೆಂದು. ಕೊಟ್ಟಿದ್ದರೆ ಹಾಡು ಬರುತ್ತಿದ್ದವು. ನನ್ನ ಸುಳ್ಳೂ ಹೊರಗೆ ಬರುತ್ತಿತ್ತು. ಗುಜರಿಗೆ ಹಾಕಿದೆ ಅಂದೆ. ಮತ್ತೆ ಯಾರಿಗಾದರೂ ಗುಟ್ಟಾಗಿ ತೋರಿಸಿದರಾಯಿತು, ನಾಳೆ, ಬರುವ ವಾರ... ಅಷ್ಟರಲ್ಲಿ ಆ ಲೇಖನ ಬರೆದೆ. ಬರೆದ ಮೇಲೆ ಆ ಡಿಸ್ಕನ್ನು ಯಾರಿಗೂ ತೋರಿಸುವಂತಿರಲಿಲ್ಲ. ಎರಡು ಕಾಲೇಜುಗಳು ಮಹಬೂಬಸಾಬರನ್ನು ಕರೆಯುವುದು ಬಿಟ್ಟವೆಂದು ಕೇಳಿದೆ. ಬಾಳವ್ವನ ಮಗಳು ಶಾಂತವ್ವ ಅವ್ವನ ಧ್ವನಿ ಕೇಳಬೇಕೆಂದು ಮೂರು ಸಲ ಮುಗದದಿಂದ ಬಂದು ಹೋದಳು. ಮೂರು ಸಲವೂ ಚಹಾ ಕುಡಿಸಿ ಕಳಿಸಿದೆ.

ಈ ವರ್ಷದ ಖಂಡೇಪೂಜೆಗೆ ಟ್ರಂಕು ತೆಗೆದೆ. ಡಿಸ್ಕು ಅರಿವೆಯಲ್ಲಿತ್ತು. ಮೂರೆಳೆ ವಿಭೂತಿ ಹಾಗೇ ಇತ್ತು.

ಲಕಮನಹಳ್ಳಿಗೆ ಒಯ್ದು, ಅವರ ಮೇಜಿನ ಮೇಲಿಟ್ಟು, ಎಲ್ಲ ಹೇಳಿದೆ. ಬೈಯಲೆಂದು ಕಾದೆ. ಅವರು ಕೇಳಿದ್ದು ಒಂದೇ:

“ಹಾಡು ಅದಾವೇನ್ರಿ ಇದರಾಗ?”

ಗೊತ್ತಿಲ್ಲವೆಂದೆ. ತಮ್ಮ ಯಂತ್ರಕ್ಕೆ ಜೋಡಿಸಿದರು. ಡಿಸ್ಕು ಗುಂಯ್ ಅಂತ ಎಚ್ಚೆತ್ತಿತು. ಕೇಳಿಸಿರೆಂದೆ. ಮೊದಲು ನಕಲಾಗಬೇಕು, ಕೇಳುವುದು ಆಮೇಲೆ ಎಂದರು. ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿ ಬಂದರು. ನಾನು ಸ್ಟೂಲಿನಿಂದ ಏಳಲಿಲ್ಲ. ಆಮೇಲೆ ಅವರು ಒಂದು ಗುಂಡಿ ಒತ್ತಿದರು—ಕಲ್ಲು ತಿರುಗುವ ಗರಗರ, ಒಂದು ಕೆಮ್ಮು, ಮತ್ತೆ ಬಾಳವ್ವ:

“ತಮ್ಮಾ, ಆ ಡಬ್ಬಿ ಅತ್ಲಾಗಿಡು. ಮೊದಲ ಚಾ ಕುಡಿ. ಹಾಡು ಎಲ್ಲಿ ಓಡಿ ಹೊಕ್ಕಾವ?”

ಅಂಗೈ ಅಗಲದ ಕಬ್ಬಿಣ. ಆರು ವರ್ಷ ಕತ್ತಲು. ಅವಳ ಉಸಿರು ಕೂಡ ಸವೆದಿರಲಿಲ್ಲ. ಆಕೆ ಹಾಡತೊಡಗಿದಾಗ ಮಹಬೂಬಸಾಬರು ಎದ್ದುನಿಂತರು, ನಾನೂ ನಿಂತೆ. ಹಾಡು ಮುಗಿಯುವವರೆಗೆ ಇಬ್ಬರೂ ಕೂಡಲಿಲ್ಲ.

ಹೊಸ ಪೆಟ್ಟಿಗೆಯಲ್ಲಿ ಎರಡು ಡಿಸ್ಕು ಮತ್ತೆ ಎದುರುಬದುರು ಕೂತಿವೆ. ಮೂರನೆಯ ಪ್ರತಿ ಮುಗದದಲ್ಲಿ, ಶಾಂತವ್ವನ ಮನೆಯಲ್ಲಿ; ನಾನೇ ಒಯ್ದು ಕೊಟ್ಟೆ, ಯಾಕೆ ತಡವಾಯಿತೆಂದೂ ಹೇಳಿದೆ. ಅವಳು ನನಗೆ ಚಹಾ ಕೊಡಲಿಲ್ಲ.

ಮಹಬೂಬಸಾಬರು ಕ್ಷಮಿಸಿದೆ ಎಂದಿಲ್ಲ. ಕೇಳುವ ಧೈರ್ಯ ನನಗೂ ಇಲ್ಲ. ಅಂಗಡಿಯಿಂದ ಹೊರಡುವಾಗ ಮಾತ್ರ ಒಂದು ಮಾತು ಹೇಳಿದರು:

“ಆವಾಗ ಹೆಸರು ಬಿಟ್ಟು ಬರದಿದ್ರಿ. ಈಗ ಹೆಸರು ಹಾಕಿ ಬರೀರಿ, ಮಾಸ್ತರ್ರ.”

ಬರೆಯುತ್ತಿದ್ದೇನೆ. ಸರಿಯಾದ ಗುರುತು ಹಾಕಿದವರು ಲಕಮನಹಳ್ಳಿಯ ಮಹಬೂಬಸಾಬರು. ಅದನ್ನು ಒರೆಸಿದವನು ನಾನು, ಬಸಲಿಂಗಪ್ಪ ಮಾಸ್ತರ.