ಎಡಗೈಯವರ ಮನೆಯ ಗೂಢಚಾರ

ಬೆಳಿಗ್ಗೆ ಚಹಾ ಹಿಡಿದು ಪತ್ರಿಕೆಯ ಭಾನುವಾರದ ಪುರವಣಿ ಬಿಡಿಸಿದವಳಿಗೆ ಚಹಾ ಆರಿದ್ದೂ ಗೊತ್ತಾಗದಷ್ಟು ಸಿಟ್ಟು ಬಂತು. ಯಾರೋ ಪುಣ್ಯಾತ್ಮ ‘ನೀವು ನೋಡಿರದ ಗೂಢಚಾರ ಚಿತ್ರಗಳು’ ಎಂದು ಪುಟದ ತುಂಬ ಬರೆದಿದ್ದಾನೆ. ಬೇಹುಗಾರಿಕೆಯ ಸಿನಿಮಾ ಎಂದರೆ ಊಟ ಬಿಟ್ಟು ಕೂರುವ ಮಂದಿಗೆ ಇವು ಹೊಸ ರುಚಿಯಂತೆ. ನೋಡಿದರೆ, ಅವುಗಳಲ್ಲಿ ಅರ್ಧದಷ್ಟನ್ನು ನನ್ನ ಮೊಮ್ಮಗ ಕ್ಯಾಸೆಟ್ ಅಂಗಡಿಯಿಂದ ತಂದು, ನೋಡಿ, ಆಕಳಿಸಿ, ವಾಪಸು ಕೊಟ್ಟಾಗಿದೆ. ಉಳಿದವುಗಳ ಕೊನೆಯನ್ನು ಈ ಮಹಾಶಯ ತಾನೇ ಹೇಳಿ ಮುಗಿಸಿದ್ದಾನೆ. ‘ಸೇನಾಪತಿಯ ಹೆಂಡತಿಯೇ ಶತ್ರುಗಳ ಕಡೆಯವಳು ಎಂದು ಗೊತ್ತಾಗುವ ದೃಶ್ಯ ಅದ್ಭುತ’ ಅಂತೆ. ಇನ್ನು ಗೊತ್ತಾಗುವುದಕ್ಕೆ ಏನು ಉಳಿಯಿತು, ನೀವೇ ಹೇಳಿ.

ದೇವರ ನಾಮ ಹೇಳುತ್ತ ಕೂರುವ ವಯಸ್ಸಿನಲ್ಲಿ ಮುದುಕಿಗೆ ಗೂಢಚಾರರ ಉಸಾಬರಿ ಯಾಕೆ ಎಂದು ನೀವು ಅನ್ನಬಹುದು. ಅನ್ನಿ. ಮನೆಯವರೂ ಅನ್ನುತ್ತಾರೆ. ಆದರೆ ಒಂದು ಸಿನಿಮಾ ನೋಡಿರೆಂದು ಇನ್ನೊಬ್ಬರಿಗೆ ಹೇಳುವುದು ಹೇಗೆ ಎಂಬುದನ್ನು ನಾನು ಗೋದೂ ಕಾಕುವಿನಿಂದ ಕಲಿತವಳು. ಆ ವಿದ್ಯೆಯನ್ನು ಯಾರಾದರೂ ಹೀಗೆ ಹಾಳುಮಾಡಿದರೆ ಸುಮ್ಮನಿರಲು ಆಗುವುದಿಲ್ಲ.

ಗೋದೂ ಕಾಕು ನನ್ನ ತಂದೆಯ ತಮ್ಮನ ಹೆಂಡತಿ. ಇಪ್ಪತ್ತರ ದಶಕದ ಮಾತು. ನಾವೆಲ್ಲ ಶಹಾಪುರದಲ್ಲಿ ಒಂದೇ ಮನೆಯಲ್ಲಿದ್ದೆವು. ಹಗಲೆಲ್ಲ ಓಣಿಯ ತುಂಬ ಮಗ್ಗಗಳ ಸದ್ದು. ಮನೆಯಲ್ಲಿ ಸೀರೆಯ ವ್ಯಾಪಾರ. ಶಹಾಪುರ ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬಾಜೂಕಿನ ಬೆಳಗಾವಿ ಇಂಗ್ರೇಜಿ ಸರಕಾರದ್ದು. ಕಾಯಿಪಲ್ಯ ತರಲು ಹೋಗಿ ಬಂದರೆ ಎರಡು ರಾಜ್ಯ ತಿರುಗಿ ಬಂದಂತೆ. ಕಾಕುವಿಗೆ ಇದರಲ್ಲಿ ಬಹಳ ಮೋಜು.

“ನಾ ಗುಪ್ತಹೇರ ಆಗಿದ್ರ ಕೊತಂಬ್ರಿ ಚೀಲದಾಗ ಸುದ್ದಿ ಸಾಗಸ್ತಿದ್ದೆ ನೋಡ,” ಎನ್ನುತ್ತಿದ್ದಳು. ಗೂಢಚಾರನಿಗೆ ನಮ್ಮ ಕಡೆ ಮರಾಠಿಯಿಂದ ಬಂದ ಹೆಸರು ಅದು.

“ಏನ ಸುದ್ದಿ ಒಯ್ತಿದ್ದಿ?” ಎಂದು ಅವಳ ಗಂಡ, ನನ್ನ ಕಾಕಾ, ಕೆಣಕಿದರೆ, “ಅಣ್ಣಾ ತಮ್ಮಾ ಇವತ್ತೂ ಜಗಳಾಡಿದ್ರಂತ,” ಎಂದು ಕಾಕಾನಿಗೂ ನನ್ನ ತಂದೆಗೂ ಸೇರಿಸಿ ಚುಚ್ಚಿ ಒಳಗೆ ಹೋಗಿಬಿಡುತ್ತಿದ್ದಳು.

ಮಾತಿಲ್ಲದ ಚಿತ್ರಗಳ ಕಾಲ ಅದು. ಬೆಳಗಾವಿಯ ಬಯಲಿನಲ್ಲಿ ತಂಬು ಹೊಡೆದು ಸಿನಿಮಾ ತೋರಿಸುತ್ತಿದ್ದರು. ತಂಬಿನ ನಡುವೆ ಬಿಳಿ ಬಟ್ಟೆಯ ಪರದೆ. ಆಟಕ್ಕೆ ಮುಂಚೆ ಅದಕ್ಕೆ ನೀರು ಚಿಮುಕಿಸಿ ಒದ್ದೆ ಮಾಡುತ್ತಿದ್ದರು. ಹಾಗೆ ಮಾಡಿದರೆ ಚಿತ್ರ ಬಟ್ಟೆಯನ್ನು ದಾಟಿ ಹಿಂಬದಿಗೂ ಕಾಣುತ್ತಿತ್ತು. ಮುಂಬದಿಗೆ ಗಂಡಸರು, ಹಿಂಬದಿಗೆ ಹೆಂಗಸರು. ಕತೆಯನ್ನು ವಿವರಿಸಲು ಒಬ್ಬ ಪರದೆಯ ಪಕ್ಕ ನಿಂತು ಮರಾಠಿಯಲ್ಲಿ ಕೂಗುತ್ತಿದ್ದ, ನಡುನಡುವೆ ಕನ್ನಡ. ಅವನ ಮುಖವೂ ಗಂಡಸರ ಕಡೆಗೇ. ಅಂದರೆ ಆ ಕಾಲದಲ್ಲಿ ನಾವು ಹೆಂಗಸರು ನೋಡಿದ ಪ್ರತಿಯೊಂದು ಸಿನಿಮಾವನ್ನೂ ಎಡಬಲ ಅದಲುಬದಲಾಗಿ ನೋಡಿದೆವು. ಬರಹ ಉಲ್ಟಾ ಕಾಣುತ್ತಿತ್ತು. ನೆಟ್ಟಗೆ ಕಂಡಿದ್ದರೂ ಇಂಗ್ರೇಜಿ ಓದಲು ನಮಗೆ ಎಲ್ಲಿ ಬರುತ್ತಿತ್ತು, ಆ ಮಾತು ಬೇರೆ.

ಇದರಿಂದ ಒಂದು ತಮಾಷೆಯಾಗಿತ್ತು. ಪರದೆಯ ಮೇಲಿನ ಜನ ಚಮಚ ಹಿಡಿಯುವುದು ಎಡಗೈಯಲ್ಲಿ, ಗ್ಲಾಸು ಎತ್ತುವುದು ಎಡಗೈಯಲ್ಲಿ, ಬರೆಯುವುದೂ ಎಡಗೈಯಲ್ಲಿ. ಬಿಳಿಯರ ದೇಶದಲ್ಲಿ ಎಲ್ಲರೂ ಹೀಗೇ ಎಂದು ನಮ್ಮ ಓಣಿಯ ಹೆಂಗಸರೆಲ್ಲ ನಂಬಿದ್ದರು. ನಾನೂ ನಂಬಿದ್ದೆ. ಒಮ್ಮೆ ಮಿಶನ್ನಿನ ಬಿಳಿ ಹೆಂಗಸೊಬ್ಬಳು ನನಗೆ ಬಲಗೈಯಲ್ಲಿ ಪೇಢೆ ಕೊಟ್ಟಾಗ, ಪಾಪ, ನಮ್ಮ ಸಲುವಾಗಿ ತನ್ನ ರೂಢಿ ಬದಲಿಸಿಕೊಂಡಿದ್ದಾಳೆ ಎಂದು ಕನಿಕರಪಟ್ಟಿದ್ದೆ. ಮದುವೆಯಾದ ಮೇಲೆ ಯಜಮಾನರು ನಿಜ ಸಂಗತಿ ಹೇಳಿ ನಕ್ಕರು. ಅವರೊಡನೆ ಎರಡು ದಿನ ಮಾತು ಬಿಟ್ಟೆ.

ದೇವರ ಚಿತ್ರ, ಕತ್ತಿವರಸೆಯ ಚಿತ್ರ ಬಂದರೆ ತಂಬು ತುಂಬಿ ತುಳುಕುತ್ತಿತ್ತು. ಗೂಢಚಾರರ ಪರದೇಶಿ ಚಿತ್ರಗಳು ಬರುತ್ತಿದ್ದುದು ತಂಬಿನವನ ಬಳಿ ಬೇರೇನೂ ಇಲ್ಲದ ದಿನ. ಜನ ಇರುತ್ತಿರಲಿಲ್ಲ. ಕಾಕು ಅಂಥವನ್ನು ಹುಡುಕಿಕೊಂಡು ಹೋಗಿ ನೋಡಿ, ಓಣಿಗೆಲ್ಲ ಹೇಳುತ್ತಿದ್ದಳು. ಅವುಗಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ, ನಾವೇ ಇಟ್ಟುಕೊಂಡ ಹೆಸರುಗಳು. ‘ಹೂವಿನವಳು’ ಎಂದು ಒಂದಿತ್ತು. ಯಾವ ಜಾತಿಯ ಹೂವು ಮಾರುತ್ತಾಳೋ ಅದೇ ಗುಪ್ತ ಸುದ್ದಿ. ‘ಬಂದರಿನ ಕುರುಡ’ ಎಂದು ಇನ್ನೊಂದು. ಅವನು ಕುರುಡ ಹೌದೋ ಅಲ್ಲವೋ ಎಂಬುದನ್ನು ನಾನು ಸತ್ತರೂ ಹೇಳುವುದಿಲ್ಲ. ಪುರವಣಿಯವನೇ, ನೋಡಿರದ ಚಿತ್ರಗಳೆಂದರೆ ಇವಪ್ಪ. ಹಾಕು ನಿನ್ನ ಪಟ್ಟಿಯಲ್ಲಿ.

ಎಲ್ಲಕ್ಕೂ ಮಿಗಿಲಾದದ್ದು ‘ಎಡಗೈಯವರ ಮನೆ’. ಯಾವುದೋ ದೇಶದ ಸೇನಾಪತಿಯ ಮನೆ. ಅಲ್ಲಿ ಬೀಗರು, ಅತಿಥಿಗಳು, ಆಳುಗಳು ತುಂಬಿದ್ದಾರೆ. ಅವರಲ್ಲೊಬ್ಬ ಶತ್ರುವಿನ ಕಡೆಯವನು. ಯಾರು ಎಂಬುದು ಕೊನೆಯ ಸುರುಳಿಯವರೆಗೂ ತಿಳಿಯುವುದಿಲ್ಲ. ಆ ಮನೆಯ ದೊಡ್ಡ ಮೇಜಿನ ಸುತ್ತ ಎಲ್ಲರೂ ಕೂತು ಉಣ್ಣುತ್ತಾರೆ. ನಮ್ಮ ಕಡೆಯಿಂದ ನೋಡಿದರೆ ಎಲ್ಲರೂ ಎಡಗೈಯಲ್ಲಿ, ಒಬ್ಬ ಮಾತ್ರ ಬಲಗೈಯಲ್ಲಿ. ಒಬ್ಬನಾದರೂ ರೀತಿ ಬಲ್ಲವನಿದ್ದಾನಲ್ಲ ಎಂದು ಹೆಂಗಸರಿಗೆಲ್ಲ ಅವನ ಮೇಲೆ ಪ್ರೀತಿ. ಕೊನೆಗೆ ನೋಡಿದರೆ ಅವನೇ ಕಳ್ಳ. ಅಯ್ಯೋ, ನೋಡಿ, ನಾನೇ ಹೇಳಿಬಿಟ್ಟೆ. ಇರಲಿ, ಆ ಚಿತ್ರ ಇನ್ನು ನಿಮಗೆಲ್ಲಿ ಸಿಗಬೇಕು.

ಮನೆಗೆ ಬಂದ ಮೇಲೆ, ಅವನು ಬಲಗೈಯವನು ಎಂದರೆ ಕಾಕಾ ಒಪ್ಪಲಿಲ್ಲ. “ಅಂವ ಎಡಚ ಇದ್ದ. ಹಿಂದ ಕುಂತಾವ್ರಿಗೆ ಏನ ತಿಳೀತದ?”

“ಸೀರಿ ತಗೊಳ್ಳಾಗ ನೀವ ಮೊದಲ ಒಳಮೈ ಹೊಳ್ಳಿಸಿ ನೋಡ್ತೀರಿಲ್ಲೊ?” ಎಂದಳು ಕಾಕು. “ನಾವೂ ಹಂಗ ನೋಡಿ ಬಂದೀವಿ.” ಕಾಕಾ ಮಾತು ಬದಲಿಸಿದರು. ಅದರ ಮರ್ಮ ನನಗಾಗ ಹೊಳೆಯಲಿಲ್ಲ.

ಖಾನಾಪುರ ಕಾಕುವಿನ ತವರು. ಅಲ್ಲಿ ಅವಳ ತಾಯಿ ಇದ್ದಳು, ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿಯ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಮುಖ ಗುರುತಿಸುತ್ತಿದ್ದಳು, ಆದರೆ ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ. ಜನ್ಮದಲ್ಲಿ ಒಂದು ಸಿನಿಮಾ ನೋಡಿದವಳಲ್ಲ. ಅದೇ ತಂಬು ಬೆಳಗಾವಿ ಬಿಟ್ಟು ಖಾನಾಪುರಕ್ಕೆ ಹೋಗಿದೆ, ಅಲ್ಲಿ ‘ಎಡಗೈಯವರ ಮನೆ’ಯನ್ನೂ ಹಾಕುತ್ತಾರೆ ಎಂದು ಸುದ್ದಿ ಬಂದಾಗ ಕಾಕು ಹಟ ಹಿಡಿದಳು. ಕಣ್ಣು ಪೂರ್ತಿ ಹೋಗುವುದರೊಳಗೆ ತಾಯಿಗೆ ಇದೊಂದನ್ನು ತೋರಿಸಲೇಬೇಕು. ನನ್ನ ಮದುವೆ ಗೊತ್ತಾಗಿತ್ತು. ಅತ್ತೆಯ ಮನೆ ಸೇರಿದರೆ ಮತ್ತೆ ಬಿಡುತ್ತಾರೋ ಇಲ್ಲವೋ ಎಂದು ನನ್ನನ್ನೂ ಕರೆದುಕೊಂಡಳು.

ರೈಲಿನಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ದೇಸೂರದಲ್ಲಿ ಹತ್ತಿದ, ಪರಿಚಯವೇ ಇಲ್ಲದ ಹೆಂಗಸಿಗೂ ಹೇಳಿದಳು. “ಯಾರ ಕಳ್ಳ ಅಂತ ಕೇಳಬ್ಯಾಡ್ರಿ, ಹೇಳಾಂಗಿಲ್ಲ. ಉಣ್ಣಾಕ ಕುಂತಾಗ ಲಕ್ಷ್ಯ ಕೊಟ್ಟ ನೋಡ್ರಿ, ಅಷ್ಟ.” ನೋಡಿ, ಶಿಫಾರಸು ಎಂದರೆ ಇದು. ಕೇಳಿದವರ ತಲೆಯಲ್ಲಿ ಹುಳ ಬಿಡಬೇಕು, ಕೊನೆಯನ್ನು ಮುಟ್ಟಬಾರದು. ಖಾನಾಪುರ ಮುಟ್ಟಿದ ಮೇಲೆ ಮನೆಮನೆಗೂ ಹೋಗಿ ಹೀಗೇ ಹೇಳಿದಳು. ಸಂಜೆಗೆ ಓಣಿಯ ಹೆಂಗಸರೆಲ್ಲ ಹೊರಟು ನಿಂತರು. ಆಯಿ ನನ್ನ ಮದುವೆಗೆ ಉಡಲೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು.

ತಂಬಿನ ಹಿಂಬಾಗಿಲಲ್ಲಿ ನಿಂತಿದ್ದವನು ಬೇರೆ ಯಾರೂ ಅಲ್ಲ, ಕಾಕುವಿನ ಅಣ್ಣ, ನಾನು ಮಾಮಾ ಎನ್ನುತ್ತಿದ್ದ ಮನುಷ್ಯ. ಊರಿನ ಹಿರಿಯರು ಸೇರಿ, ಈ ಚಿತ್ರಕ್ಕೆ ಹೆಂಗಸರನ್ನು ಬಿಡಕೂಡದು ಎಂದು ತಂಬಿನವನಿಗೆ ಹೇಳಿದ್ದರು. ಹಿರಿಯರಲ್ಲಿ ಮಾಮಾನೂ ಒಬ್ಬ.

“ಪರದೇಶಿ ಸಿನೆಮಾ ಅದು, ಗೋದಾ. ಗಂಡಸ್ರು ಹೆಂಗಸ್ರು ಕೈ ಕೈ ಹಿಡಕೊಂಡ ಕುಣೀತಾರ. ಶುಕ್ರವಾರ ದೇವರ ಸಿನೆಮಾ ಐತಿ, ಆವಾಗ ಎಲ್ಲಾರ್ನೂ ಕರ್ಕೊಂಡ ಬಾ.”

“ನಾ ನೋಡೀನಲ್ಲ ಅಣ್ಣಾ. ಏನ ಕೆಟ್ಟಿನಿ?” ಎಂದಳು ಕಾಕು. “ಆಯೀಗೆ ಕಣ್ಣ ಇರೂದರಾಗ ತೋರಸ್ಬೇಕಂತ ಬಂದೀನಿ. ಆಕೀನ ಒಬ್ಬಾಕೀನರೆ ಬಿಡು.”

“ಒಬ್ಬಾಕೀನ ಬಿಟ್ರ ನಾಳೆ ಊರ ಮಂದಿ ನನಗ ಏನ ಅಂತಾರ?”

“ದೇವರ್ನ ದಿನಾ ಮನ್ಯಾಗ ನೋಡ್ತೀನಪಾ,” ಎಂದಳು ಆಯಿ, ಮಗನ ಕಡೆ ತಿರುಗಿ. “ಅದಕ್ಕ ತಿಕೀಟ ಯಾಕ ತಗಸ್ಲಿ?”

ಮಾಮಾ ಜಾಗ ಬಿಟ್ಟು ಕದಲಲಿಲ್ಲ. ಇಷ್ಟು ವರ್ಷವಾದರೂ ಇದನ್ನು ನಾನು ಮನ್ನಿಸದಿರುವುದು ಯಾಕೆ ಗೊತ್ತೇ? ಪರದೆಯ ಹಿಂದಿನ ಜಾಗ ಖಾಲಿ ಇರಲಿಲ್ಲ. ಬಾಗಿಲ ಸಂದಿಯಿಂದ ನಾನು ಕಂಡೆ. ಹೆಂಗಸರಿಗೆ ಕೂಡದ ಚಿತ್ರವೆಂದು ಕೇಳಿ ಕಿಕ್ಕಿರಿದು ಬಂದು, ಮುಂದೆ ಜಾಗ ಸಿಗದ ಗಂಡಸರೆಲ್ಲ ಅಲ್ಲಿ ಕಾಲು ಚಾಚಿ ಕೂತು ಬೀಡಿ ಸೇದುತ್ತಿದ್ದರು. ನಾವು ಕೆಡುತ್ತೇವೆಂದು ನಮ್ಮನ್ನು ಹೊರಗಿಟ್ಟು, ನಮ್ಮ ಜಾಗವನ್ನೂ ತಾವೇ ತಿಂದಿದ್ದರು.

ಮನೆಗೆ ಬಂದವಳೇ ಕಾಕು ಸೆರಗು ಸಿಕ್ಕಿಸಿ ಪಡಸಾಲೆಯ ನಡುವೆ ನಿಂತಳು. “ಕುಂದರ್ರಿ ಎಲ್ಲಾರೂ. ನಾ ತೋರಸ್ತೀನಿ.” ಇಡೀ ಸಿನಿಮಾ ಹೇಳಿದಳು. ಸೇನಾಪತಿಯ ಬಿಗಿದ ಕತ್ತು, ಬೀಗಿತಿಯ ಮೂಗುಮುರಿತ, ಆಳಿನ ಕಳ್ಳನಡಿಗೆ, ಎಲ್ಲವೂ ಅವಳೇ. ಊಟದ ದೃಶ್ಯದಲ್ಲಿ ಎಡಗೈ ಎತ್ತಿ ಎತ್ತಿ ಉಂಡಳು, ಒಬ್ಬನ ಸರದಿ ಬಂದಾಗ ಬಲಗೈ. ಕೊನೆಗೆ ಬಂದು ನಿಲ್ಲಿಸಿ, “ಈಗ ಹೇಳ್ರಿ, ಯಾರಿರಬೇಕು?” ಎಂದಳು.

ಬೀಗಿತಿ ಎಂದರು ಕೆಲವರು. ಆಳು ಎಂದರು ಉಳಿದವರು.

“ಬಲಗೈಲೆ ಉಣ್ಣಾಂವ,” ಎಂದಳು ಆಯಿ.

“ಯಾಕಬೆ?” ಎಂದಳು ಕಾಕು.

“ಮನ್ಯಾಗ ಎಲ್ಲಾರೂ ಒಂದ ನಮೂನಿ ಉಣ್ಣಾಗ ಅಂವೊಬ್ಬ ಬ್ಯಾರೆ ಉಣ್ತಾನಂದ್ರ ಅಂವ ಆ ಮನ್ಯಾಂವ ಅಲ್ಲ.”

ಕಾಕು ಬಂದು ತಾಯಿಯ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಅದೇ ಹೊತ್ತಿಗೆ ಮಾಮಾ ಒಳಗೆ ಬಂದ, ಮುಖ ಸಣ್ಣದಾಗಿತ್ತು. ಕೊನೆಯ ಸುರುಳಿ ಹಾಕುವಷ್ಟರಲ್ಲಿ ಯಂತ್ರದ ದೀಪ ಕೆಟ್ಟು ಆಟ ನಿಂತುಹೋಗಿತ್ತು. ತಂಬಿನ ತುಂಬ ಗಲಾಟೆಯಂತೆ. ನಮ್ಮ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

“ಗೋದಾ, ನೀ ಮೊದಲ ನೋಡಿಯಲ್ಲ,” ಎಂದ ಮಾಮಾ, ಸುತ್ತ ಕೂತ ಹೆಂಗಸರನ್ನು ನೋಡದೆ. “ಕಡೀಕ ಯಾರ ಕಳ್ಳ ಆದಾ?”

ಕಾಕು ಬಾಯಿ ತೆರೆಯುವ ಮುಂಚೆ ಆಯಿ ಹೇಳಿದಳು. “ಆಕಿ ಹೇಳಾಂಗಿಲ್ಲ. ನಾನೂ ಹೇಳಾಂಗಿಲ್ಲ. ನಾ ಪೂರಾ ನೋಡೀನಿ, ನೀ ಅರ್ಧಾ ನೋಡಿ ಬಂದಿ. ಕೈಕಾಲ ತೊಳಕೊ, ಉಣ್ಣಾಕ ಬಾ.”

ಶುಕ್ರವಾರಕ್ಕೂ ಮುಂಚೆ ತಂಬು ಕಿತ್ತುಕೊಂಡು ಲೋಂಡಾದ ಕಡೆ ಹೋಯಿತು. ಮಾಮಾನಿಗೆ ಕಳ್ಳ ಯಾರೆಂದು ಕೊನೆಯವರೆಗೂ ಯಾರೂ ಹೇಳಲಿಲ್ಲ.

ಆಯಿಯ ಆ ಮಾತು ನಮ್ಮ ಮನೆತನದಲ್ಲಿ ದೊಡ್ಡ ನಗೆಯ ಕತೆ. ಮದುವೆ, ಮುಂಜಿ, ಎಲ್ಲಿ ನಾಲ್ಕು ಜನ ಸೇರಿದರೂ ನನ್ನಿಂದ ಹೇಳಿಸುತ್ತಾರೆ. ಇವತ್ತೂ ಪುರವಣಿ ಮಡಚಿ ಇಡುವಷ್ಟರಲ್ಲಿ ಮೊಮ್ಮಗ ಗೆಳೆಯರನ್ನು ಕರೆದುಕೊಂಡು ಬಂದ. ಹೊಸ ಕ್ಯಾಸೆಟ್ ತಂದಿದ್ದರು. “ಅಜ್ಜೀ, ಇವ್ರಿಗೆ ಆ ಖಾನಾಪುರದ ಆಯೀ ಜೋಕ ಹೇಳು,” ಎಂದ. ಹೇಳಿದೆ. ‘ಅರ್ಧಾ ನೋಡಿ ಬಂದಿ’ ಎಂಬಲ್ಲಿಗೆ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಯಾವಾಗಲೂ ನಾನು ಅಲ್ಲಿಗೆ ನಿಲ್ಲಿಸುತ್ತೇನೆ, ನಾನೂ ನಗುತ್ತೇನೆ. ಇವತ್ತು ನಗು ಬರಲಿಲ್ಲ. ಮುಂದುವರಿಸಿದೆ.

ತಂಬಿನಿಂದ ತಿರುಗಿ ಬರುವಾಗ ಆಯಿ ನನ್ನ ಹೆಗಲು ಹಿಡಿದು ನಡೆಯುತ್ತಿದ್ದಳು. ಸ್ವಲ್ಪ ದೂರ ಬಂದ ಮೇಲೆ ನಿಂತು ಹಿಂದಕ್ಕೆ ನೋಡಿದಳು. ಒಳಗೆ ಆಟ ಶುರುವಾಗಿತ್ತು. ತಂಬಿನ ಬಟ್ಟೆಯ ಮೇಲೆ ಬೆಳಕು ಅಲುಗಾಡುತ್ತಿತ್ತು. “ಗೋದಾ,” ಎಂದಳು, “ಅಲ್ಲೆ ಬೆಳ್ಳಗ ಕಾಣ್ತದಲ್ಲ, ಅದನ ಏನ ಸಿನೆಮಾ ಅಂದ್ರ?”

ಕಾಕು ಹೂಂ ಎಂದಳು. ಮರುವರ್ಷ ಆಯಿಯ ಕಣ್ಣು ಪೂರ್ತಿ ಹೋಯಿತು.

ಇಷ್ಟು ಹೇಳಿದ ಮೇಲೆ ಹುಡುಗರ ನಗು ನಿಂತಿತು. ನಿಲ್ಲಲಿ ಎಂದೇ ಹೇಳಿದ್ದು.