ಸತ್ತ ಮೇಲೆ ಎದ್ದು ಹಾಡಿದ ಸೋನಾಬಾಯಿ

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಹಳೆಯ ಸಿನಿಮಾವೊಂದರ ಹಾಡು ಹಚ್ಚಿದಳು. ನಾಯಕನ ತಾಯಿ ಹಾಡುತ್ತ ಹಾಡುತ್ತಲೇ ಪ್ರಾಣ ಬಿಡುವ ಹಾಡು. ನಾನು ನಕ್ಕುಬಿಟ್ಟೆ. "ಸಾಯೂದು ನೋಡಿ ನಗ್ತಿಯಲ್ಲ ಅಜ್ಜಾ!" ಎಂದು ಬೈದಳು. ಅವಳಿಗೆ ಹೇಳಿದ ಕಾರಣವನ್ನೇ ನಿಮಗೂ ಹೇಳುತ್ತೇನೆ.

ಆ ತಾಯಿ, ಅಂದರೆ ಸೋನಾಬಾಯಿ, ಮೊದಲು ನಾಟಕ ಕಂಪನಿಯ ನಾಯಕಿ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದೊಡನೆ ಕಂಪನಿ ನಮ್ಮೂರು ಸಿಂದಗಿಗೆ ಬರುತ್ತಿತ್ತು. ಬಾಯಿ ನಮ್ಮ ಮನೆಯಲ್ಲೇ ಇಳಿಯುತ್ತಿದ್ದರು. ನಮ್ಮ ದೊಡ್ಡವ್ವನಿಗೂ ಅವರಿಗೂ ಜೀವದ ಗೆಳೆತನ. ಹಾಡು ಮನಸ್ಸಿಗೆ ಬಂದರೆ ನಮ್ಮ ಕಡೆ ಚಪ್ಪಾಳೆ ಸಾಲದು, ‘ವನ್ಸ್ ಮೋರ್’ ಎಂದು ಕೂಗಬೇಕು. ಕೂಗಿದರೆ ನಟಿ ಮತ್ತೆ ಹಾಡಲೇಬೇಕು, ಸತ್ತಿದ್ದರೂ ಸರಿ. ಬಾಯಿ ವಿಷ ಕುಡಿದು, ಹಾಡಿ, ಉರುಳಿ ಬಿದ್ದೊಡನೆ ಹೆಂಗಸರ ಕಡೆಯಿಂದ ದೊಡ್ಡವ್ವನ ದನಿ ಏಳುತ್ತಿತ್ತು. ಬಾಯಿ ಎದ್ದು, ಸೆರಗು ಸರಿಪಡಿಸಿಕೊಂಡು, ದೊಡ್ಡವ್ವನತ್ತ ಕೈಮುಗಿದು, ಹಾಡಿ, ಇನ್ನೊಮ್ಮೆ ಸಾಯುತ್ತಿದ್ದರು. ದೊಡ್ಡವ್ವ ಎರಡೂ ಸಲ ಅಳುತ್ತಿದ್ದಳು.

ಆಮೇಲೆ ಬಾಯಿ ಮದ್ರಾಸಿಗೆ ಹೋಗಿ ಸಿನಿಮಾ ಸೇರಿದರು. ಈ ಹಾಡಿನ ಚಿತ್ರ ನಮ್ಮೂರಿನ ಟೂರಿಂಗ್ ಟಾಕೀಸಿಗೆ ಬಂದಾಗ, ಎಂದೂ ಸಿನಿಮಾ ನೋಡದ ದೊಡ್ಡವ್ವ ಇಳಕಲ್ ಸೀರೆ ಉಟ್ಟು ಮುಂದೆಯೇ ಕೂತಳು. ತೆರೆಯ ಮೇಲೆ ಬಾಯಿ ಸತ್ತರು. "ವನ್ಸ್ ಮೋರ್!" ಬಾಯಿ ಏಳಲಿಲ್ಲ. ದೊಡ್ಡವ್ವ ಇನ್ನೂ ಜೋರಾಗಿ ಕೂಗಿದಳು. ಏಳುವುದಿರಲಿ, ಹೆಣ ಎತ್ತಿಕೊಂಡೇ ಹೋದರು.

"ಮದ್ರಾಸದ ನೀರು ಕುಡದು ಸೊಕ್ಕು ಬಂದೈತಿ ಆಕಿಗೆ. ಕರದ್ರ ಹೊಳ್ಳಿ ನೋಡ್ಲಿಲ್ಲ!"

ಅದು ಬರೀ ಚಿತ್ರವೆಂದು ಊರೆಲ್ಲ ಹೇಳಿದರೂ ದೊಡ್ಡವ್ವ ಒಪ್ಪಲಿಲ್ಲ. ಬಾಯಿಯೇ ಹಿಂದೆ ಕೊಟ್ಟಿದ್ದ ಆ ಇಳಕಲ್ ಸೀರೆ ಟ್ರಂಕಿನ ತಳ ಸೇರಿತು. ನನಗೆ ನಗು, ಆದರೆ ಗೆಳತಿ ಕೈಬಿಟ್ಟಳೆಂದು ದೊಡ್ಡವ್ವ ಸೊರಗುವುದನ್ನು ಕಂಡು ಸಂಕಟವೂ ಆಗುತ್ತಿತ್ತು.

ಮುಂದೊಮ್ಮೆ ಬಸವನ ಬಾಗೇವಾಡಿಗೆ ಬಂದ ಬಾಯಿ ನಮ್ಮ ಮನೆಗೂ ಬಂದರು. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾಕ್ರಿ ಅಕ್ಕಾರ, ಮಾತಾಡಂಗಿಲ್ಲೇನ್ರಿ?"

"ಮಂದಿ ಮುಂದ ಒದರಿ ಕರದೆ. ಎದ್ದಿ ಏನ ನೀ?"

ಸಂಗತಿ ತಿಳಿಯಲು ಬಾಯಿಗೆ ಒಂದು ಗಳಿಗೆ ಬೇಕಾಯಿತು. ನಗಲಿಲ್ಲ, ಪುಣ್ಯಾತ್ಗಿತ್ತಿ. "ತಪ್ಪಾತ್ರಿ" ಎಂದವರೇ ಅಡುಗೆಮನೆಯ ನೆಲದ ಮೇಲೆ, ಚೆಲ್ಲಿದ ಹಿಟ್ಟಿನಲ್ಲೇ ಮಲಗಿ, ಇಡೀ ಹಾಡು ಹಾಡಿ ಸತ್ತರು. ಹಂಚಿನ ಮೇಲೆ ರೊಟ್ಟಿ ಸೀದಿತು. ದೊಡ್ಡವ್ವ ಕಣ್ಣೊರೆಸಿಕೊಂಡು ಮೆಲ್ಲಗೆ ಎಂದಳು: "ವನ್ಸ್ ಮೋರ್."

ಬಾಯಿ ಮೈತುಂಬ ಹಿಟ್ಟಿನೊಡನೆ ಎದ್ದು ಕೈಮುಗಿದರು.

ಇದನ್ನೆಲ್ಲ ಕೇಳಿದ ಮೊಮ್ಮಗಳು, "ಇದ್ರಾಗ ಬೇಕಾದಷ್ಟು ಸಲ ಎಬ್ಬಸಬಹುದು ಅಜ್ಜಾ" ಎಂದು ಮೊಬೈಲಿನ ಮೇಲೆ ಬೆರಳಿಟ್ಟಳು. ಸತ್ತ ಬಾಯಿ ಎದ್ದು ಮತ್ತೆ ಹಾಡಿದರು, ಯಾರಿಗೂ ಕೈಮುಗಿಯದೆ. ಈ ಸಲ ನನಗೆ ನಗು ಬರಲಿಲ್ಲ. ದೊಡ್ಡವ್ವ ಸಿಟ್ಟಾದದ್ದರಲ್ಲಿ ತಪ್ಪೇನಿರಲಿಲ್ಲ ಬಿಡಿ.